ಸಮೀಕ್ಷೆಗೆ ಹೋದ ಅತ್ತೆಯ ಚಪ್ಪಲಿ

ಬರೆಯಲು ಕೂತರೆ ಸಾಕು, ಬಾಗಿಲಲ್ಲಿ ಯಾರೋ ಕೆಮ್ಮುತ್ತಾರೆ. ಕತೆಯ ಹೆಸರು ಬರೆದು ಪೆನ್ನು ಎತ್ತುವಷ್ಟರಲ್ಲಿ ಈಗ ಮತ್ತೆ ಬಂದರು. ಈ ಸಲ ಬಂದದ್ದು ನೀರಿನ ಕೊಡದಲ್ಲಿ ಸೊಳ್ಳೆಮರಿ ಎಣಿಸುವವರು. ಎಣಿಸಿ ಹೋದರು. ಕಳೆದ ವಾರ ಆಡು ಎಣಿಸಿದ್ದರು. ಅದಕ್ಕೂ ಮುಂಚೆ ಪಾಯಖಾನೆ, ಗ್ಯಾಸ್ ಸಿಲಿಂಡರು, ವೋಟು ಹಾಕುವವರು. ನರೋಣಾದ ಬಸ್ಸು ತಪ್ಪಿದರೂ ತಪ್ಪೀತು, ನಮ್ಮ ಓಣಿಗೆ ಎಣಿಸುವವರು ಬರುವುದು ತಪ್ಪುವುದಿಲ್ಲ. ಇಷ್ಟಾಗಿಯೂ ನಮ್ಮ ಮನೆಯಲ್ಲಿ ಲೆಕ್ಕಕ್ಕೆ ಸಿಗದ ಜೀವ ಒಂದು ಉಳಿದಿತ್ತು. ನನ್ನ ಮಗಳು.

ಅವಳಿಗೆ ಎಂಟು ವರ್ಷ. ಮಾತು ಕಡಿಮೆ. ಕರೆದರೆ ತಿರುಗುವುದು ಬಿಡುವುದು ಅವಳ ಮರ್ಜಿ. ಆದರೆ ಹೊಸ್ತಿಲ ಹೊರಗೆ ಯಾರಾದರೂ ಚಪ್ಪಲಿ ಬಿಟ್ಟರೆ ಎಲ್ಲಿದ್ದರೂ ಓಡಿ ಬರುತ್ತಾಳೆ. ಸಣ್ಣದರಿಂದ ದೊಡ್ಡದಕ್ಕೆ, ಗೋಡೆಗುಂಟ ಸಾಲಾಗಿ ಜೋಡಿಸಿದ ಮೇಲೆಯೇ ಅವಳಿಗೆ ಸಮಾಧಾನ. ಅವಳನ್ನು ಬಿಟ್ಟು ಉಳಿದೆಲ್ಲವನ್ನೂ ಎಣಿಸಿಕೊಂಡು ಹೋದವರ ಕತೆ ಇದು.

ಎಲ್ಲರೂ ಚೊಲೋ ಅದಾರ

ಹೋದ ವರ್ಷ ಸಮೀಕ್ಷೆಯ ಅಕ್ಕೋರು ಬಂದರು. ಅವರು ಬೇರೆ ಊರಿನ ಶಾಲೆಯ ಟೀಚರು. ಕಲಿಯಲು ಕಷ್ಟವಾಗುವ ಮಕ್ಕಳು ಯಾವ ಮನೆಯಲ್ಲಿದ್ದಾರೆ ಎಂದು ಕೇಳಿ ಬರೆದುಕೊಳ್ಳುವ ಕೆಲಸ ಅವರ ತಲೆಗೆ ಬಿದ್ದಿತ್ತು. ಊರಿನ ಲೆಕ್ಕದಲ್ಲಿ ಅಂಥ ಮಕ್ಕಳು ಕಂಡರೆ, ಅವರಿಗೆ ಕಲಿಸಲೆಂದೇ ತಯಾರಾದ ಟೀಚರು ವಾರಕ್ಕೊಮ್ಮೆ ನಮ್ಮ ಶಾಲೆಗೆ ಬರುತ್ತಾರಂತೆ. ಲೆಕ್ಕ ಸೊನ್ನೆ ಇದ್ದರೆ ಬರುವುದಿಲ್ಲ. ಅದನ್ನು ಕೇಳಿದ್ದೇ ನಾನು ಹಿಟ್ಟಿನ ಕೈಯಲ್ಲೇ ಎದ್ದೆ. ಅಷ್ಟರಲ್ಲಿ ಅತ್ತೆ ನನ್ನ ಮುಂದೆ ಗೋಡೆಯಂತೆ ನಿಂತಿದ್ದರು.

"ಈ ಮನ್ಯಾಗ ಅಂಥ ಕೂಸುಗೋಳು ಯಾರರೆ ಅದಾರೇನ್ರಿ ಯವ್ವಾ?"

"ಇಲ್ರಿ ಅಕ್ಕೋರ. ನಮ್ಮಲ್ಲಿ ಎಲ್ಲರೂ ಚೊಲೋ ಅದಾರ."

ಅತ್ತೆಗೆ ಮೊಮ್ಮಗಳೆಂದರೆ ಜೀವ. ತಾವು ಉಣ್ಣುವ ಮೊದಲು ಅವಳ ಬಾಯಿಗೆ ತುತ್ತು ಹೋಗಬೇಕು. ಆದರೆ ನನ್ನ ನಾದಿನಿ ಮದುವೆಗೆ ನಿಂತಿದ್ದಳು. ನಮ್ಮ ಓಣಿಯ ಕಾಯಿದೆಯೇ ಹಾಗೆ: ಮದುವೆಗೆ ಹುಡುಗಿಯೋ ಹುಡುಗನೋ ಇದ್ದ ಮನೆಯಲ್ಲಿ ಇಂಥ ಕೂಸು ಯಾರ ಕಣ್ಣಿಗೂ ಬೀಳಬಾರದು. "ಲಗ್ನ ಒಂದು ಆಗ್ಲಿ ಬೇ, ಆಮ್ಯಾಲ ಬೇಕಾದ್ರ ಡಂಗುರ ಹೊಡಸು" ಎಂದು ಅತ್ತೆ ನನ್ನ ಬಾಯಿ ಕಟ್ಟಿದ್ದರು.

ಅಕ್ಕೋರು ಸೊನ್ನೆ ಬರೆದುಕೊಂಡು ಹೊರಗೆ ಹೋದರು. ಅಲ್ಲಿ ಮಗಳು ತನ್ನ ಕೆಲಸ ಮುಗಿಸಿದ್ದಳು. ಅಕ್ಕೋರ ಚಪ್ಪಲಿ, ಅತ್ತೆಯ ಚಪ್ಪಲಿ, ಎರಡೂ ಒಂದೇ ಅಳತೆ, ಒಂದೇ ಕಪ್ಪು ಬಣ್ಣ, ಅಕ್ಕಪಕ್ಕ ಕೂತಿದ್ದವು. ಬಸ್ಸಿನ ಅವಸರದಲ್ಲಿ ಅವರು ಅತ್ತೆಯದನ್ನು ಮೆಟ್ಟಿಕೊಂಡು ನಡೆದೇಬಿಟ್ಟರು.

ಹೀಗೆ ಆ ವರ್ಷದ ಸಮೀಕ್ಷೆಗೆ ನಮ್ಮ ಮನೆಯಿಂದ ಅತ್ತೆಯ ಚಪ್ಪಲಿ ಹೋಯಿತು, ಮಗಳು ಹೋಗಲಿಲ್ಲ.

ಹೇಳಿ ತರಿಸಿದ ನೆಗಡಿ

ಒಂದು ಸಂಜೆ ಮಗಳ ಶಾಲೆಯ ಹೆಡ್‌ಮಾಸ್ತರರು ಮನೆಗೆ ಬಂದು ಕಟ್ಟೆಯ ತುದಿಯಲ್ಲಿ ಕೂತರು.

"ತಂಗಿ, ನಾಳಿಗಿ ನಿನ್ನ ಮಗಳಿಗಿ ಸ್ವಲ್ಪ ನೆಗಡಿ ಬರ್ಲಿ."

"ಬರ್ಲಿ ಅಂದ್ರ? ನೆಗಡಿಗಿ ನಾ ಫೋನ್ ಮಾಡ್ಲೇನ್ರಿ ಸರ್?"

"ಹಂಗಲ್ಲವಾ. ಮಕ್ಕಳು ಎಷ್ಟು ಕಲ್ತಾರ ಅಂತ ನೋಡಾಕ ಸಾಹೇಬ್ರು ಬರಾಕತ್ತಾರ. ಇಕಿ ಸುಮ್ಮ ನಿಂತಳಂದ್ರ ನಮ್ಮ ಸಾಲಿ ಲೆಕ್ಕ ಕೆಳಗ ಬೀಳ್ತದ."

"ಆತ್ರಿ. ಇಡೀ ದಿನ ನೆಗಡಿ ಇರ್ಬೇಕೇನ್ರಿ?"

"ಛೇ ಛೇ! ಮಧ್ಯಾಹ್ನಕ್ಕ ಆರಾಮ ಆಗ್ಲಿ. ಬಿಸಿಯೂಟದ ಲೆಕ್ಕಕ್ಕ ಬೇಕಾಗ್ತಾಳ."

ಊಟದ ಹೊತ್ತಿಗೆ ನೆಗಡಿ ವಾಸಿ ಮಾಡಿ ಕಳಿಸಿದೆ. ಸಾಹೇಬರ ಗಾಡಿ ದಾರಿಯಲ್ಲಿ ಕೆಟ್ಟು ನಿಂತಿತ್ತಂತೆ. ಮುಂಜಾನೆ ಬರಬೇಕಾದವರು ಊಟ ಮುಗಿದ ಮೇಲೆ ಬಂದರು. ಅಷ್ಟರಲ್ಲಿ ನನ್ನ ಮಗಳು ಇಡೀ ಶಾಲೆಯ ಚಪ್ಪಲಿಯನ್ನು ವರಾಂಡದ ಈ ತುದಿಯಿಂದ ಆ ತುದಿಯವರೆಗೆ ನಿಲ್ಲಿಸಿದ್ದಳು. ಸಾಹೇಬರು ಮೆಟ್ಟಿಲ ಮೇಲೆಯೇ ನಿಂತುಬಿಟ್ಟರು.

"ಏನ್ ಶಿಸ್ತರಿ ಮಾಸ್ತರ್! ಇಂಥಾ ಸಾಲಿ ನಾ ಎಲ್ಲೂ ನೋಡಿಲ್ಲ."

"ದಿನಾ ಪ್ರಾರ್ಥನಾದಾಗ ಹೇಳ್ತೇವ್ರಿ ಸರ್," ಎಂದರು ಹೆಡ್‌ಮಾಸ್ತರರು, ಕಣ್ಣು ಮಿಟುಕಿಸದೆ.

ಕೆಟ್ಟ ಮನುಷ್ಯರಲ್ಲ ಅವರು. ಮರುದಿನ ಮಗಳ ತಾಟಿಗೆ ಒಂದು ಬಾಳೆಹಣ್ಣು ಹೆಚ್ಚು ಹಾಕಿಸಿದರಂತೆ. ಶಿಸ್ತಿನಲ್ಲಿ ಶಾಲೆಗೆ ಪೂರ್ತಿ ಅಂಕ ಬಿತ್ತು. ಅಂಕ ತಂದುಕೊಟ್ಟವಳಿಗೆ ಮಾತ್ರ ಕಲಿಕೆಯ ಲೆಕ್ಕದಲ್ಲಿ ಇಂದಿಗೂ ಗೈರುಹಾಜರಿ, ಕಾರಣ ನೆಗಡಿ.

ಯಾರ ತಪಾಸಣೆ

ತವರುಮನೆ ಹಿರೋಳ್ಳಿಗೆ ಹೋಗಿ ಬರುತ್ತೇನೆಂದು ಅತ್ತೆಗೆ ಹೇಳಿ, ಗಂಡನನ್ನು ಎಬ್ಬಿಸಿಕೊಂಡು, ಮಗಳೊಂದಿಗೆ ವೈದ್ಯರ ಶಿಬಿರಕ್ಕೆ ಹೋದೆ. ಡಾಕ್ಟರು ಮೈಸೂರು ಕಡೆಯವರು. ಮಗಳನ್ನು ಸ್ವಲ್ಪ ಹೊತ್ತು ಆಡಿಸಿ ನೋಡಿ, ನನ್ನನ್ನು ಪ್ರಶ್ನೆ ಕೇಳತೊಡಗಿದರು.

"ಹೆಸರು ಹಿಡಿದು ಕರೆದರೆ ತಿರುಗಿ ನೋಡ್ತಾಳಾ?"

"ಒಮ್ಮೊಮ್ಮೆ ನೋಡ್ತಾಳ್ರಿ. ಇಕಿ ಅಪ್ಪ ಒಮ್ಮಿನೂ ನೋಡಂಗಿಲ್ಲ."

"ಊಟಕ್ಕೆ ದಿನಾ ಒಂದೇ ಥರದ್ದು ಬೇಕು ಅಂತ ಹಠ ಮಾಡ್ತಾಳಾ?"

"ತೊಗರಿಬ್ಯಾಳಿ ಇಲ್ಲಂದ್ರ ಇಕಿ ಅಪ್ಪ ತಾಟ ಸರಸ್ತಾರ್ರಿ."

"ಹೇಳಿದ್ದನ್ನೇ ಮತ್ತೆ ಮತ್ತೆ ಹೇಳೋದು?"

"ಅದು ನಮ್ಮತ್ತಿರಿ."

ಡಾಕ್ಟರು ಪೆನ್ನು ಕೆಳಗಿಟ್ಟರು. "ಅಮ್ಮಾ, ನಿಮ್ಮ ಮನೇಲಿ ನಾನು ಎಷ್ಟು ಜನರನ್ನ ಪರೀಕ್ಷೆ ಮಾಡಬೇಕು?"

ನಕ್ಕು ಮುಗಿದ ಮೇಲೆ ಸಮಾಧಾನವಾಗಿ ತಿಳಿಸಿ ಹೇಳಿದರು. ಇದಕ್ಕೆ ಆಟಿಸಂ ಅನ್ನುತ್ತಾರೆ, ನಿಮ್ಮ ತಪ್ಪಲ್ಲ, ಯಾರ ತಪ್ಪೂ ಅಲ್ಲ, ಅವಳಿಗೆ ಹೊಂದುವ ಹಾಗೆ ಕಲಿಸುವವರು ಸಿಕ್ಕರೆ ಕಲಿಯುತ್ತಾಳೆ ಎಂದರು. ನಾನು ಹತ್ತನೆಯವರೆಗೆ ಓದಿದವಳು; ಈ ಹೆಸರನ್ನು ಯಾವ ಪುಸ್ತಕದಲ್ಲೂ ಕಂಡಿರಲಿಲ್ಲ. ಹೆಸರು ಸಿಕ್ಕಿದ್ದೇ ಎದೆ ಹಗುರಾಯಿತು. ಖುಷಿಗೆ ಹೊರಗೆ ಬಂದು, ಬೇವಿನ ಗಿಡದ ಕೆಳಗೆ ಮೊಬೈಲು ನೋಡುತ್ತ ಕೂತಿದ್ದ ಗಂಡನನ್ನು ಜೋರಾಗಿ ಕೂಗಿದೆ.

ತಿರುಗಿ ನೋಡಿದವಳು ಮಗಳು.

ಡ್ರೈವರ್ ಮತ್ತು ಬಾಜು ಮನಿ ಹುಡುಗಿ

ಈ ವರ್ಷ ನಾದಿನಿಯನ್ನು ನೋಡಲು ಜೇವರ್ಗಿ ಕಡೆಯವರು ಬಂದರು. ಅವರ ಗಾಡಿ ಬರುವ ಮೊದಲೇ ಅತ್ತೆ ಮೊಮ್ಮಗಳನ್ನು ಬಾಜು ಮನೆಯಲ್ಲಿ ಬಿಟ್ಟು, ಕೈಗೆ ಉಂಡಿ ಕೊಟ್ಟು ಬಂದಿದ್ದರು. ಒಳಗೆ ಮಂಡಕ್ಕಿ ಸುಸಲಾ, ಚಹಾ, ನಗು ಎಲ್ಲ ನಡೆದಿತ್ತು. ಹುಡುಗ ಒಪ್ಪಿದ ಹಾಗೆ ಕಾಣುತ್ತಿತ್ತು. ಹುಡುಗಿ ಒಪ್ಪಿದ್ದು ನನಗೆ ಮೊದಲೇ ಗೊತ್ತಾಗಿತ್ತು, ತಾಟು ಉಲ್ಟಾ ಹಿಡಿದಿದ್ದಳು.

ಆಗ ಹೊರಗಿನಿಂದ ಟಪ್, ಟಪ್ ಎಂದು ಸದ್ದು ಬಂತು. ಗಾಡಿ ತುಂಬ ಜನ ಬಂದು ಹೊಸ್ತಿಲಲ್ಲಿ ರಾಶಿ ಚಪ್ಪಲಿ ಬಿಟ್ಟರೆ ನನ್ನ ಮಗಳು ಉಂಡಿ ತಿನ್ನುತ್ತ ಕೂರುತ್ತಾಳೆಯೇ? ಬಗ್ಗಿ ನೋಡಿದೆ. ಚಪ್ಪಲಿಯ ರಾಶಿಯ ಮುಂದೆ ಕೂತಿದ್ದಳು, ಆದರೆ ಒಬ್ಬಳೇ ಅಲ್ಲ. ಎದುರಿಗೆ ಮೀಸೆ ಬಂದ ಒಬ್ಬ ಗಂಡಸು ಕುಕ್ಕರುಗಾಲಲ್ಲಿ ಕೂತಿದ್ದ. ಅವಳು ಅಳತೆಯ ಪ್ರಕಾರ ಜೋಡಿಸುತ್ತಿದ್ದಳು, ಅವನು ಅದನ್ನು ಕೆಡಿಸಿ ಬಣ್ಣದ ಪ್ರಕಾರ ಜೋಡಿಸುತ್ತಿದ್ದ. ಇಬ್ಬರಿಗೂ ಮಾತಿಲ್ಲ, ಇಬ್ಬರಿಗೂ ಸೋಲುವ ಮನಸ್ಸಿಲ್ಲ.

ನಮ್ಮತ್ತೆ ಮತ್ತು ಹುಡುಗನ ತಾಯಿ ಒಂದೇ ಸಲ ಬಾಗಿಲಿಗೆ ಓಡಿ ಬಂದರು.

"ಅಕಿ ಬಾಜು ಮನಿ ಹುಡುಗಿರಿ!" ಎಂದರು ಅತ್ತೆ.

"ಅಂವ ನಮ್ಮ ಡ್ರೈವರ್ರಿ!" ಎಂದರು ಅವರು.

ಬಾಜು ಮನಿ ಹುಡುಗಿ ಬಂದು ಅತ್ತೆಯ ಸೆರಗು ಹಿಡಿದು, ದಿನಾ ಅಜ್ಜಿಯನ್ನು ಕರೆಯುವಂತೆಯೇ "ಆಯಿ" ಎಂದಳು. ಡ್ರೈವರು ಹುಡುಗನ ತಾಯಿಯತ್ತ ತಲೆ ಎತ್ತಿ, "ಯವ್ವಾ, ಗಾಡ್ಯಾಗ ಕುಂತು ಸಾಕಾತು, ನಂಗ ಚಾ?" ಎಂದ.

ಮದುವೆ ಮುರಿಯಿತು ಎಂದುಕೊಂಡೆ. ಹೇಗೂ ಮುರಿಯುತ್ತದೆ, ಕೇಳಿಬಿಡೋಣ ಎಂದು ಬಾಯಿ ತೆರೆದೆ. "ಡ್ರೈವರ್ ಇಂವ ಆದ್ರ, ಸ್ಟೇರಿಂಗ್ ಮುಂದ ಬಾಯಿ ತಕ್ಕೊಂಡು ಮಲಗ್ಯಾನಲ್ರಿ, ಅಂವ ಯಾರು?"

ಮೊದಲು ನಕ್ಕವರು ಹುಡುಗನ ತಾಯಿ. ನಗುತ್ತಲೇ ಕಣ್ಣು ಒರೆಸಿಕೊಂಡರು. "ನನ್ನ ಹಿರಿ ಮಗ ರಿ ಯವ್ವಾ. ನೀವು ನೋಡಿದ್ರ ಒಲ್ಲೆ ಅಂತೀರಿ ಅಂತ ಗಾಡ್ಯಾಗ ಕುಂದರ್ಸಿದ್ದೆ." ಅತ್ತೆ ಅವರ ಕೈ ಹಿಡಿದುಕೊಂಡರು. ಮಾತುಕತೆ ಅಲ್ಲಿಯೇ, ಚಪ್ಪಲಿಯ ಸಾಲಿನ ಪಕ್ಕದಲ್ಲಿಯೇ ಮುಗಿಯಿತು.

ಲಗ್ನ ಆದ ಮೇಲೆ ಸಮೀಕ್ಷೆಯ ಅಕ್ಕೋರು ಮತ್ತೆ ಬಂದರು. ಈ ಸಲ ತಮ್ಮ ಚಪ್ಪಲಿಯನ್ನು ಚೀಲದಲ್ಲಿ ಹಾಕಿ ತೊಡೆಯ ಮೇಲೆ ಇಟ್ಟುಕೊಂಡೇ ಕೂತರು. ಅವರು ಕೇಳುವ ಮೊದಲೇ ಅತ್ತೆ ಶುರು ಮಾಡಿದರು. "ಬರಕೋರಿ. ನನ್ನ ಮೊಮ್ಮಗಳನ್ನ ಬರಕೋರಿ. ನಮ್ಮ ಬೀಗರ ಹಿರಿ ಮಗನ್ನೂ ಬರಕೋರಿ."

"ಬೀಗರು ಜೇವರ್ಗಿಯವರು ಅಲ್ಲೇನ್ರಿ? ಅವರನ್ನ ಅಲ್ಲೇ ಬರಕೋತಾರ."

"ಅಲ್ಲಿ ಅವರವ್ವ ಡ್ರೈವರ್ ಅಂತ ಹೇಳ್ತಾಳ್ರಿ, ಇಲ್ಲೇ ಬರಕೋರಿ!"

ಅಷ್ಟಕ್ಕೇ ಬಿಡದೆ ಅತ್ತೆ ಕಟ್ಟೆ ಹತ್ತಿ ನಿಂತು ಓಣಿಗೆಲ್ಲ ಕೇಳುವಂತೆ ಕೂಗಿದರು. "ಏ, ನಮ್ಮ ಹುಡುಗಿ ಲಗ್ನ ಆತು! ಏನೂ ಆಗಂಗಿಲ್ಲ, ನಿಮ್ಮ ಕೂಸುಗೋಳ್ನ ಹೊರಗ ಕರ್ಕೊಂಡು ಬರ್ರಿ ಬೇ!" ಮೊದಲು ಎದುರು ಮನೆಯ ಬಾಗಿಲು ತೆರೆಯಿತು. ಆಮೇಲೆ ಬಾವಿಯ ಹತ್ತಿರದ ಮನೆ. ಆಮೇಲೆ ನಾನು ಇಷ್ಟು ವರ್ಷ ಬೆಕ್ಕು ಓಡಾಡುತ್ತದೆ ಎಂದುಕೊಂಡಿದ್ದ ಒಂದು ಮಾಳಿಗೆ. ನನ್ನ ಮಗಳು ಬಂದವರ ಚಪ್ಪಲಿ ಜೋಡಿಸುತ್ತಲೇ ಇದ್ದಳು. ಸಾಲು ಕಟ್ಟೆ ದಾಟಿ ಓಣಿಗೆ ಇಳಿಯಿತು. ಟೀಚರು ಬರುವುದು ಖಾತ್ರಿಯಾಯಿತು ಎಂದು ನಾನು ಅಕ್ಕೋರಿಗೆ ಚಹಾ ಕೊಟ್ಟೆ.

ಅವರು ಲೋಟ ಹಿಡಿದು ಆ ಸಾಲನ್ನೇ ನೋಡುತ್ತ ಕೂತರು. ಕೊನೆಗೆ ಲೋಟ ಕೆಳಗಿಟ್ಟು ಕೇಳಿದರು.

"ತಂಗಿ, ಹೋದ ವರ್ಷ ಈ ಊರಾಗ ಒಬ್ರೂ ಇಲ್ಲ ಅಂತ ನಾನೇ ಬರದು ಕೊಟ್ಟೇನಿ. ಈಗ ಇಷ್ಟು ಮಂದಿ ಎಲ್ಲಿಂದ ಬಂದ್ರು ಅಂತ ಮ್ಯಾಲಿನವರು ಕೇಳಿದ್ರ, ಏನ್ ಹೇಳ್ಲಿ?"