ಹೊಸ ಜನರೇಟರಿಗೆ ಲೋಡ್ ಬೇಕಂತೆ

ಹೊಸ ವಸ್ತುವನ್ನು ಹೊಸದಾಗಿಯೇ ಉಳಿಸುವ ಚಟ ನಮ್ಮ ಜನರಿಗೆ ಎಲ್ಲಿಂದ ಅಂಟಿತೋ ತಿಳಿಯದು. ಟಿವಿಯ ರಿಮೋಟಿಗೆ ಪ್ಲಾಸ್ಟಿಕ್ ಅಂಗಿ, ಸೋಫಾದ ಮೇಲೆ ಹಳೆಯ ಬೆಡ್‌ಶೀಟು, ಒಳ್ಳೆಯ ಕಪ್ಪು-ಬಸಿಗಳೆಲ್ಲ ಷೋಕೇಸಿನಲ್ಲಿ. ನಾವು ಚಹಾ ಕುಡಿಯುವುದು ಮಾತ್ರ ಕಿವಿ ಮುರಿದ ಕಪ್ಪಿನಲ್ಲಿ. ನಾನೂ ಇದೇ ಪಂಗಡದವನು. ಹೀಗಿರುವಾಗ ಜೋಗೇಶ್ವರಿಯ ನಮ್ಮ ಬಿಲ್ಡಿಂಗಿಗೆ ಬಂದ ಹೊಸ ಡೀಸೆಲ್ ಜನರೇಟರನ್ನು ಪಳಗಿಸುವ ಕೆಲಸ ಸೊಸೈಟಿಯ ಸೆಕ್ರೆಟರಿಯಾದ ನನ್ನ ಕೊರಳಿಗೆ ಬಿದ್ದದ್ದು ಆ ಜನರೇಟರಿನ ಹಣೆಬರಹ.

ಮುಂಬಯಿಯಲ್ಲಿ ಕರೆಂಟು ಹೋಗುವುದುಂಟೇ ಎಂದು ಧಾರವಾಡದ ನೆಂಟರು ನಗುತ್ತಾರೆ. ನಮ್ಮಲ್ಲಿ ಹೋಗುತ್ತದೆ. ಜೋರು ಮಳೆಯಾದರೆ ಗಲ್ಲಿಯ ನೀರು ಮೀಟರ್ ರೂಮಿಗೆ ನುಗ್ಗುತ್ತದೆ, ಅಪಾಯವೆಂದು ಕರೆಂಟ್ ಆಫೀಸಿನವರು ಇಡೀ ಬಿಲ್ಡಿಂಗಿನ ಕರೆಂಟು ತೆಗೆಯುತ್ತಾರೆ. ಮೊದಲೆಲ್ಲ ಮೇಣದಬತ್ತಿ ಹಚ್ಚಿಕೊಂಡು ಹರಟೆ ಹೊಡೆಯುತ್ತಿದ್ದೆವು. ಆದರೆ ನನ್ನ ಹೆಂಡತಿ ಸುಮಿತ್ರಾಳ ಶ್ವಾಸಕೋಶ ಸೋತ ಮೇಲೆ ಆಕ್ಸಿಜನ್ ಮಶೀನು ಹಗಲಿರುಳು ನಡೆಯಬೇಕಾಯಿತು. ಸಿಲಿಂಡರ್ ಇದ್ದರೂ ಅದು ಎಷ್ಟು ಹೊತ್ತು ಬಂದೀತು? ಅವಳಿಗಾಗಿಯೇ ಮಳೆಗಾಲಕ್ಕೆ ಮೊದಲು ಸೊಸೈಟಿಯವರೆಲ್ಲ ಸೇರಿ ಜನರೇಟರ್ ತರಿಸಿದರು.

ಕಾಯಿ ಒಡೆದು, ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿ, ಗುಂಡಿ ಒತ್ತಿದೆವು. ಪಕ್ಕದ ಮನೆಯ ಬೆಳಗಾವಿಯ ಹೆಂಗಸು, ನಮಗೆಲ್ಲ ಚಿಕ್ಕಮ್ಮನಂತಿದ್ದ ಕಾಕು, ಅಷ್ಟರಲ್ಲೇ ಮಹಡಿ ಮಹಡಿಗೂ ಹೋಗಿ ಫ್ಯಾನು ಸಹ ಆರಿಸಿ ಬಂದಿದ್ದರು. "ಹೊಸಾ ಮಶೀನ್ ಅದರಿ, ಒಮ್ಮೆಲೇ ಭಾರ ಹಾಕಬಾರದು. ಪಾಪ, ಮೊದಲ ಹೊಂದಿಕೊಳ್ಳಲಿ" ಎಂದರು. ಎಲ್ಲರಿಗೂ ಸರಿಯೆನಿಸಿತು, ನನಗೂ. ಪಳಗಲೆಂದು ದಿನಾ ಮುಂಜಾನೆ ಓಡಿಸಿದ ಅಷ್ಟು ದೊಡ್ಡ ಎಂಜಿನ್ನು ಮೆಟ್ಟಿಲಿನ ಒಂದೇ ಬಲ್ಬು ಬೆಳಗಿಸುತ್ತ ಗುಡುಗುಡು ಎನ್ನತೊಡಗಿತು. ಕೆಲವೇ ದಿನಗಳಲ್ಲಿ ಹೊಗೆ ಕೊಳವೆಯಿಂದ ಕಪ್ಪು ಎಣ್ಣೆ ಜಿನುಗಿತು. ಗಾಬರಿಯಾಗಿ ಕಂಪನಿಯವರು ಕೊಟ್ಟ ಪುಸ್ತಕ ತೆಗೆದೆ. ಅದರ ಪ್ಲಾಸ್ಟಿಕ್ಕನ್ನೂ ನಾನು ಹರಿದಿರಲಿಲ್ಲ. ಹೊಸ ಎಂಜಿನ್ನನ್ನು ಖಾಲಿ ಓಡಿಸಬೇಡಿ, ಅರ್ಧಕ್ಕಿಂತ ಹೆಚ್ಚು ಲೋಡ್ ಕೊಡಿ, ಇಲ್ಲವಾದರೆ ಒಳಗಿನ ರಿಂಗುಗಳು ಸರಿಯಾಗಿ ಕೂರದೆ ಎಂಜಿನ್ ಕೆಡುತ್ತದೆ ಎಂದು ಮೊದಲ ಪುಟದಲ್ಲೇ ಇತ್ತು.

ಅಂದಿನಿಂದ ಮನೆಮನೆಗೆ ಹೋಗಿ "ಎಸಿ ಹಾಕಿ, ಗೀಸರ್ ಹಾಕಿ" ಎಂದು ಬೇಡತೊಡಗಿದೆ. ಜೀವಮಾನವಿಡೀ ಲೈಟು ಆರಿಸುತ್ತಲೇ ಬಂದ ಜನ. ನಾನು ಬಾಗಿಲು ದಾಟುವಷ್ಟರಲ್ಲಿ ಮತ್ತೆ ಆರಿಸಿಬಿಡುತ್ತಿದ್ದರು. ಸುಮಿತ್ರಾ ಮೂಗಿನ ನಳಿಗೆಯೊಡನೆ ಮಲಗಿದ್ದಲ್ಲೇ ನಕ್ಕಳು. "ಏನ್ರೀ, ಇಷ್ಟ ವರ್ಷ ಲೈಟ್ ಆರಸು ಅಂತ ನನಗ ಬೈದ್ರಿ. ಈಗ ಊರ ಮಂದೀ ಮನ್ಯಾಗ ಹಚ್ಚಸ್ಲಿಕ್ಕೆ ಹೊಂಟೀರಿ!" ನಗು ಕೆಮ್ಮಾಯಿತು. ಉಸಿರು ಸರಿಹೋದ ಮೇಲೆ ಅವಳೇ ಉಪಾಯ ಹೇಳಿದಳು: "ಲೋಡ್ ಅಂತ ಕೇಳಬ್ಯಾಡ್ರಿ. ಸುಮಿತ್ರಾನ ಸಲುವಾಗಿ ಅಂತ ಕೇಳ್ರಿ."

ಹಾಗೆಯೇ ಕೇಳಿದೆ. ಮರುದಿನ ಇಡೀ ಬಿಲ್ಡಿಂಗು ಹಗಲು ಹೊತ್ತಿನಲ್ಲೇ ಝಗಝಗಿಸಿತು. ಮಿಕ್ಸರುಗಳು ಗರ್ಜಿಸಿದವು. ಕಾಕು ಇಸ್ತ್ರಿಯಾದ ಸೀರೆಗಳಿಗೇ ಮತ್ತೆ ಇಸ್ತ್ರಿ ಹಾಕಿದರು. ಬರಬರುತ್ತ ಕಪ್ಪು ಎಣ್ಣೆ ನಿಂತಿತು, ಹೊಗೆ ತಿಳಿಯಾಯಿತು, ಮೊದಲ ಸಲದ ಆಯಿಲ್ ಬದಲಿಸಿದೆವು. ಜನರೇಟರ್ ತಯಾರಾಯಿತು.

ಮಳೆಗೆ ಮೊದಲೇ, ಒಂದು ಸುಡು ಮಧ್ಯಾಹ್ನ ಸುಮಿತ್ರಾ ಹೋದಳು. ಕರೆಂಟು ಇತ್ತು, ಮಶೀನು ನಡೆಯುತ್ತಲೇ ಇತ್ತು. ನಾನು ಹೆದರಿದ್ದ ಯಾವುದೂ ಆಗಿರಲಿಲ್ಲ. ಆಮೇಲೆ ಬಂದ ಮೊದಲ ದೊಡ್ಡ ಮಳೆಗೆ ಮೀಟರ್ ರೂಮು ಮುಳುಗಿತು. ಜನರೇಟರ್ ಒಂದು ಸಲವೂ ತಡವರಿಸದೆ ಲಿಫ್ಟನ್ನೂ ಪಂಪನ್ನೂ ಎಳೆಯಿತು. ಎಲ್ಲರೂ ನನ್ನನ್ನು ಹೊಗಳಿದರು. ಮನೆಗೆ ಬಂದು ಅತ್ತುಬಿಟ್ಟೆ.

ಈಗ ನೆರೆಯವರಿಗೆ ನನ್ನ ಮೇಲೆ ಬಹಳ ಕರುಣೆ. ಡಬ್ಬಿಯ ಮೇಲೆ ಡಬ್ಬಿ ಊಟ ಬರುತ್ತದೆ. ಸೆಕ್ರೆಟರಿ ಕೆಲಸವನ್ನೂ ಬೇರೆಯವರಿಗೆ ಕೊಟ್ಟಿದ್ದಾರೆ. ಏನಾದರೂ ಮಾಡಲು ಹೋದರೆ ಕಾಕು ತಡೆಯುತ್ತಾರೆ: "ನೀವು ಸುಮ್ನ ಕೂಡ್ರಿ. ಪಾಪ, ನಿಮ್ಮ ಮ್ಯಾಲೆ ಭಾರ ಹಾಕಬಾರದು." ಇಡೀ ದಿನ ಕುರ್ಚಿಯಲ್ಲಿ ಖಾಲಿ ಕೂತು ಆ ಎಂಜಿನ್ನಿನ ಹಾಗೆ ಒಳಗೊಳಗೇ ಕಪ್ಪುಗಟ್ಟುತ್ತಿದ್ದೇನೆ. ನೀರಿನ ಟ್ಯಾಂಕು ತೊಳೆಸುವ ಕೆಲಸವನ್ನಾದರೂ ಕೊಡಿ ಎಂದು ಕೇಳಲು ಎರಡು ಸಲ ಕಾಕು ಮನೆಯ ಬಾಗಿಲವರೆಗೆ ಹೋಗಿ ಬಂದೆ. ಬೇಡುವುದು ನನಗೇನೂ ಹೊಸದಲ್ಲ. ಆದರೆ ಈ ಸಲ ಯಾರ ಸಲುವಾಗಿ ಎಂದು ಕೇಳಲಿ?