ತಾನೇ ಹೊಲಿದುಕೊಳ್ಳುವ ಚೀಲ

ನನ್ನ ಸಂಶೋಧನೆಯ ಬಗ್ಗೆ ನನಗಿಂತ ಜೋರಾಗಿ ಮಾತಾಡಬಲ್ಲವರು ಭೂಮಿಯ ಮೇಲೆ ಒಬ್ಬರೇ ಇದ್ದರು, ನಮ್ಮ ಚಿಕ್ಕಪ್ಪ. ಗುಂಡ್ಲುಪೇಟೆಯ ಈರುಳ್ಳಿ ಮಂಡಿಯಲ್ಲಿ ಮೂಟೆ ಹೊಲಿಯುವುದು ಅವರ ಕಸುಬು!

ತಪ್ಪು ನನ್ನದೇ. ಇಡೀ ಮಂಡಿಗೆ ಒಂದೇ ಮೊಬೈಲು ಇದ್ದ ಕಾಲ. "ಅದೇನ್ ಓದೀಯ ಕಣಮ್ಮಿ?" ಎಂದು ಕೇಳಿದ್ದಕ್ಕೆ ಹೇಳಿದ್ದೆ: "ಪಾಲಿಮರ್ ಅಂತ ಚಿಕ್ಕಪ್ಪ. ನೀರಿಗೆ ಹಾಕುದ್ರೆ ಕಣ್ಣಿಗೆ ಕಾಣ್ದಷ್ಟು ಸಣ್ಣ ಚೀಲ ತಾನೇ ಆಯ್ತದ. ಒಳಕ್ಕೆ ಔಷ್ದಿ ತುಂಬಿ, ರೋಗ ಇರೋ ಜಾಗಕ್ಕೇ ಕಳ್ಸೋದು."

ಮಾರನೆಯ ದಿನವೇ ಮಂಡಿಯಲ್ಲಿ ಪ್ರವಚನ ಶುರು! ಕೇರಳದ ಲಾರಿ ಡ್ರೈವರುಗಳನ್ನೂ ಬಿಡಲಿಲ್ಲ. "ನಮ್ಮುಡ್ಗಿ ಚೀಲ ತಾನೇ ಒಲ್ಕತದ ಕಣ್ಲಾ! ದಬ್ಳ ಬ್ಯಾಡ, ದಾರ ಬ್ಯಾಡ!"

"ಅಂಗಾರೆ ನಿನ್ ಕೆಲ್ಸ ಓಯ್ತು ಬುಡಣ್ಣ," ಎಂದು ಹಮಾಲರು ನಗುತ್ತಿದ್ದರು. ಬಸ್ ಸ್ಟ್ಯಾಂಡಿನಲ್ಲಿ ನನ್ನನ್ನು ಕಂಡವರೆಲ್ಲ ಚೀಲದ ಯೋಗಕ್ಷೇಮ ವಿಚಾರಿಸುವವರೇ! ತಲೆ ಎತ್ತಿ ಓಡಾಡುವುದು ಹೇಗೆ ಹೇಳಿ?

ಆ ವರ್ಷ ಚಿಕ್ಕಮ್ಮನಿಗೆ ಕ್ಯಾನ್ಸರ್ ಬಂತು. ಗಡ್ಡೆಗೆಂದು ಕೊಟ್ಟ ಔಷಧಿ ಮೈಯೆಲ್ಲ ಹರಡಿ ಕೂದಲು ಉದುರಿತು, ತುತ್ತು ಅನ್ನ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ಚಿಕ್ಕಪ್ಪನಿಗೆ ಒಂದೇ ಪ್ರಶ್ನೆ: ಚೀಲ ದಾರಿಯಲ್ಲಿ ಒಡೆಯದೆ ಗಡ್ಡೆಯ ಹತ್ತಿರವೇ ಬಿಚ್ಚಿಕೊಳ್ಳುವುದು ಹೇಗೆ? ನನಗೂ ಗೊತ್ತಿರಲಿಲ್ಲ, ನಾನು ಹುಡುಕುತ್ತಿದ್ದುದೂ ಅದನ್ನೇ. "ನಿಮಗೆ ಅದೆಲ್ಲ ಅರ್ಥ ಆಗಲ್ಲ" ಎಂದುಬಿಟ್ಟೆ.

ಮುಂದಿನ ತಿಂಗಳು ಚಾಮರಾಜನಗರದ ಕಾಲೇಜೊಂದರಲ್ಲಿ ನನ್ನ ಉಪನ್ಯಾಸ; ಮನೆಯಲ್ಲಿ ಹೇಳಿಯೇ ಹೊರಟಿದ್ದೆ. ಮುಂದಿನ ಸಾಲಿನಲ್ಲಿ ನನ್ನ ಗೈಡು. ಅರ್ಧಕ್ಕೆ ಬಾಗಿಲು ತೆರೆಯಿತು. ನೋಡಿದರೆ, ಹೆಗಲ ಮೇಲೆ ಈರುಳ್ಳಿ ಮೂಟೆ ಹೊತ್ತ ಚಿಕ್ಕಪ್ಪ!

"ಸಿಕ್ತು! ಗಟ್ಟಿಯಾಗ್ ಒಲ್ದು ಕೊನೇಲಿ ಜಾರುಗಂಟು ಆಕ್ಬೇಕು. ಅಲ್ಲಿಗ್ ಓದ್ಮೇಲೆ ಒಂದೆಳೆ ಎಳುದ್ರೆ ಸಾಕು!" ಎಂದವರೇ ಸರ್ರನೆ ಎಳೆದರು. ಮೂಟೆಯ ಬಾಯಿ ಪೂರಾ ಬಿಚ್ಚಿಕೊಂಡು ಈರುಳ್ಳಿಗಳು ಪ್ರಿನ್ಸಿಪಾಲರ ಕಾಲಡಿಯವರೆಗೂ ಉರುಳಿದವು. ಸಭೆ ಬಿದ್ದು ಬಿದ್ದು ನಕ್ಕಿತು.

"ಯಾರಮ್ಮ ಇವರು?" ಎಂದರು ಗೈಡು.

"ಗೊತ್ತಿಲ್ಲ ಸಾರ್," ಎಂದೆ.

ಬೆಂಚಿನಡಿ ಈರುಳ್ಳಿ ಆಯುತ್ತಿದ್ದ ಚಿಕ್ಕಪ್ಪ ತಲೆಯೆತ್ತಿದರು. ಗೈಡು ಅವರನ್ನೇ ಕೇಳಿದರು: "ಈ ಹುಡುಗಿ ನಿಮಗೇನಾಗಬೇಕು?"

ಚಿಕ್ಕಪ್ಪ ನನ್ನನ್ನೊಮ್ಮೆ ನೋಡಿದರು.

"ಏನೂ ಆಗ್ಬೇಕಿಲ್ಲ ಸಾ. ಮನೇಲಿ ಎಂಡ್ರು ವಾಂತಿ ಮಾಡೋದ್ ನೋಡಕ್ಕಾಗ್ದೆ ಒಳಕ್ ಬಂದ್ಬುಟ್ಟೆ. ಪಾಪ, ಆ ಕೂಸು ಚೆಂದಾಗಿ ಯೋಳ್ತಾ ಅದ, ಯೋಳ್ಲಿ ಬುಡಿ."

ಆಗಲಾದರೂ ಬಾಯಿ ಬಿಡಬಹುದಿತ್ತು. ನಾಚಿಕೆಗೆಟ್ಟವಳು, ನಾನು ಮುಂದಿನ ಸ್ಲೈಡು ಹಾಕಿದೆ.