ಇಪ್ಪತ್ತು ಹೇಳಿ ಹದಿಮೂರು ಕೊಟ್ಟ ಕಾರು

ನಮ್ಮ ಸಣ್ಣ ಕಾರು ಮನೆಗೆ ಬಂದಂದಿನಿಂದ ಒಂದು ರಗಳೆ ಮುಗಿಯುವಾಗ ಇನ್ನೊಂದು ಸುರುವಾಗುತ್ತದೆ. ಲೀಟರಿಗೆ ಇಪ್ಪತ್ತು ಕಿಲೋಮೀಟರ್ ಎಂದು ಹೇಳಿ ಮಾರಿದರು. ಕೊಡುವುದು ಹದಿಮೂರು. ಇದು ಶುದ್ಧ ಮೋಸ. ರಸ್ತೆ ಗುಂಡಿಗೂ ದಾರಿದೀಪಕ್ಕೂ ಹೋರಾಡಿ ಗೆದ್ದ ನಾನು ನನ್ನದೇ ಕಾರಿಗೆ ಸೋತರೆ ಮುಖ ತೋರಿಸುವುದು ಹೇಗೆ? ಕಾರಿನಲ್ಲಿ ದೋಷ ಉಂಟೆಂದು ಶೋರೂಮಿನವರಿಂದ ಬರೆಸಿಕೊಳ್ಳದೆ ಬಿಡುವುದಿಲ್ಲ ಎಂದು ಮಣಿಪಾಲದ ನಮ್ಮ ಓಣಿಗೆಲ್ಲ ಸಾರಿಬಿಟ್ಟಿದ್ದೆ.

ತಣ್ಣಗಾಗದ ಎಸಿ

ಮಣಿಪಾಲದಿಂದ ಕಾರ್ಕಳಕ್ಕೆ ಮದುವೆಗೆ ಹೊರಟಿದ್ದೆವು. ಎಸಿ ಪೂರ್ತಿ ಇಟ್ಟರೂ ನನ್ನ ಅಂಗಿ ಒದ್ದೆ. ಗ್ಯಾಸ್ ತುಂಬಿಸದೆ ಮಾರಿದ್ದಾರೆ ಕಳ್ಳರು ಎಂದು ಬೈಯುತ್ತಾ ದಾರಿಯಲ್ಲಿ ಸಿಕ್ಕಿದ ಗ್ಯಾರೇಜಿನ ಮುಂದೆ ನಿಲ್ಲಿಸಿದೆ. ಮೆಕ್ಯಾನಿಕ್ ಒಳಗೆ ಬಗ್ಗಿ, "ಗಾಳಿ ಬರುವಲ್ಲಿ ಇದೆಂತ ಸಾರ್?" ಎಂದ.

ಹೆಂಡತಿ ಎಂಟು ಚೆಂಡು ಮಲ್ಲಿಗೆಯನ್ನು ಬಾಳೆಲೆಯ ಕಟ್ಟಿನ ಸಮೇತ ಎಸಿಯ ನಾಲ್ಕೂ ಕಿಂಡಿಗಳಿಗೆ ಕಟ್ಟಿದ್ದಳು. ನಾನು ರೇಗಿದೆ. ಅವಳು ಅಲುಗಲಿಲ್ಲ.

"ಹೂ ಬಾಡಿದರೆ ಮದುವೆಮನೆಯಲ್ಲಿ ಎಲ್ಲರೂ ನೋಡ್ತಾರೆ. ನೀವು ಬಾಡಿದ್ದನ್ನು ಯಾರು ನೋಡ್ತಾರೆ?"

ನೆರೆಮನೆಯವರ ಇಪ್ಪತ್ತೈದು

ನೆರೆಮನೆಯಲ್ಲಿ ಒಬ್ಬರು ನಿವೃತ್ತ ಮೇಷ್ಟ್ರು. ಅವರದ್ದೂ ಅದೇ ಕಾರು, ಅದೇ ಬಣ್ಣ. ಇಪ್ಪತ್ತೈದು ಕೊಡುತ್ತದೆ ಎಂದು ದಿನಾ ಬೆಳಿಗ್ಗೆ ಗೇಟಿನ ಹತ್ತಿರ ನನ್ನನ್ನು ಹಿಡಿದು ಹೇಳುವುದು. ಹೊಟ್ಟೆ ಉರಿದು, ಒಂದು ದಿನ ಅವರ ಜೊತೆಗೇ ಹತ್ತಿದೆ. ಮಣಿಪಾಲದಿಂದ ಉಡುಪಿಗೆ ಇಡೀ ದಾರಿ ಇಳಿಜಾರು. ಕಾರು ಉರುಳಿಕೊಂಡೇ ಹೋಯಿತು. ಉಡುಪಿಯಲ್ಲಿ ಅವರು ಮೀಟರ್ ತೋರಿಸಿದರು. ಇಪ್ಪತ್ತೈದು ಹೌದು.

"ವಾಪಸ್ ಹತ್ತುವಾಗ ಎಷ್ಟು ಮೇಷ್ಟ್ರೇ?"

"ಬರುವಾಗ ನಾನು ನೋಡುವುದಿಲ್ಲ ಮಾರಾಯ್ರೆ. ಸುಮ್ಮನೆ ಬೇಸರ ಆಗ್ತದೆ."

ಧರಣಿ

ಹೆದ್ದಾರಿ ಬದಿಯ ಶೋರೂಮಿಗೆ ವಾರಕ್ಕೊಮ್ಮೆ ಹೋಗಿ ಜಗಳ ಮಾಡಿದ್ದಾಗಿತ್ತು. ಕಡೆಗೆ ಒಂದು ಬೆಳಿಗ್ಗೆ ಹೆಂಡತಿಯನ್ನು ಕೂರಿಸಿಕೊಂಡು ಅಲ್ಲಿಗೆ ಧರಣಿಗೆ ಹೋದೆ. ಡಿಕ್ಕಿಯಿಂದಲೂ ಹಿಂದಿನ ಸೀಟಿನಿಂದಲೂ ಸಾಮಾನು ಇಳಿಸಿದೆ. ಧ್ವನಿವರ್ಧಕ, ಲಾರಿಯ ಬ್ಯಾಟರಿ, ಕಬ್ಬಿಣದ ಸ್ಟ್ಯಾಂಡ್, ನಾಲ್ಕು ಕುರ್ಚಿ, ಹಳೆಯ ಮನವಿಪತ್ರಗಳ ಎರಡು ಗೋಣಿ. ಮ್ಯಾನೇಜರ್ ನಿಧಾನದ ಮನುಷ್ಯ. ಪಾಪ, ಗೋಣಿಗೆ ಕೈಯೂ ಕೊಟ್ಟ.

"ಇದೆಲ್ಲ ಯಾವಾಗಲೂ ಕಾರಿನಲ್ಲೇ ಉಂಟಾ ಸಾರ್?"

"ಮತ್ತೆ? ಅನ್ಯಾಯ ಫೋನ್ ಮಾಡಿ ಬರುತ್ತದಾ?"

ಮೈಕ್ ಹಿಡಿದು, "ಈ ಕಾರು ಮೈಲೇಜ್ ಯಾಕೆ ಕೊಡುವುದಿಲ್ಲ, ಉತ್ತರ ಬೇಕು" ಎಂದು ಗುಡುಗಿದೆ. ಅವನು ಕಾರಿನ ಹಿಂಭಾಗ ನೋಡಿದ. ಭಾರ ಇಳಿದು ಅದು ನಾಲ್ಕು ಬೆರಳಷ್ಟು ಮೇಲೆ ಎದ್ದಿತ್ತು. ಮೆಲ್ಲಗೆ ನನ್ನ ಕೈಯಿಂದ ಮೈಕ್ ತೆಗೆದುಕೊಂಡು, "ಈಗ ಕೊಡ್ತದೆ ಸಾರ್" ಎಂದ. ಇಡೀ ಹೆದ್ದಾರಿಗೆ ಕೇಳಿಸಿತು.

ಖಾಲಿ ಕಾರಿನಲ್ಲಿ ಸಂತೆಕಟ್ಟೆಗೆ ಹೋಗಿ ಬಂದೆವು. ಹತ್ತೊಂಬತ್ತು. ಆದರೂ ಬರೆದುಕೊಡದೆ ಏಳುವುದಿಲ್ಲ ಎಂದು ಕುರ್ಚಿ ಹಾಕಿ ಕೂತೆ. ಅವನು ಬರೆದೇ ಕೊಟ್ಟ, ಸಹಿ ಮೊಹರು ಸಮೇತ: "ಕಾರಿನಲ್ಲಿ ಕಂಡುಬಂದ ದೋಷ: ಧ್ವನಿವರ್ಧಕ ಒಂದು, ಬ್ಯಾಟರಿ ಒಂದು, ಸ್ಟ್ಯಾಂಡ್ ಒಂದು, ಕುರ್ಚಿ ನಾಲ್ಕು, ಗೋಣಿ ಎರಡು."

ಕಾಗದ ಕಿಸೆಗೆ ಹಾಕಿ, ಸಾಮಾನು ಮತ್ತೆ ತುಂಬಲು ಹೊರಟೆ. ಹೆಂಡತಿ ಡಿಕ್ಕಿ ಮುಚ್ಚಿ ಮ್ಯಾನೇಜರಿಗೆ ಹೇಳಿದಳು:

"ಇದೆಲ್ಲ ಇಲ್ಲೇ ಇರಲಿ. ಇವರು ಹೇಗೂ ವಾರಕ್ಕೊಮ್ಮೆ ನಿಮ್ಮಲ್ಲಿಗೇ ಬರುವುದಲ್ವಾ."